ದಂಡ ಸಾವಿರ ಯೆನ್, ಖರ್ಚು ಯಾರ ಲೆಕ್ಕಕ್ಕೆ?

“ಬೀದೀಲಿ ಸಿಗರೇಟು ಸೇದೋ ಹಾಗಿಲ್ಲ ಅಂತ ಇಷ್ಟು ದೊಡ್ಡ ಊರು ನಿಯಮ ಮಾಡಿದೆಯಲ್ಲ, ಅದನ್ನ ನಡೆಸೋಕೆ ವರ್ಷಕ್ಕೆ ಎಷ್ಟು ಖರ್ಚು ಬೀಳುತ್ತಮ್ಮ?”

ಕೇಳಿದವರು ನಮ್ಮ ನಾಡಿನ ನಗರಪಾಲಿಕೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ಕೇಳಿಸಿಕೊಂಡವಳು ಅವರ ತಮ್ಮನ ಮಗಳು, ಜಪಾನಿನ ಒಸಾಕಾದಲ್ಲಿ ಎಂಜಿನಿಯರ್. 2025ರ ವಿಶ್ವ ಮೇಳ ನೋಡಲು ಬಂದಿದ್ದ ದೊಡ್ಡಪ್ಪನನ್ನು ಕರೆದುಕೊಂಡು ಅವಳು ಮಿಡೊಸುಜಿ ರಸ್ತೆಯ ಫುಟ್‌ಪಾತಿನಲ್ಲಿ ನಡೆಯುತ್ತಿದ್ದಳು. ಉಮೆಡಾದಿಂದ ನಾಂಬಾವರೆಗೆ ನಾಲ್ಕು ಕಿಲೋಮೀಟರ್ ಉದ್ದಕ್ಕೆ ಗಿಂಕ್ಗೊ ಮರಗಳ ಸಾಲು. ನೆಲಕ್ಕೆ ಅಂಟಿಸಿದ್ದ ಧೂಮಪಾನ ನಿಷೇಧದ ಚಿತ್ರವನ್ನು ಬಗ್ಗಿ ನೋಡಿದ ದೊಡ್ಡಪ್ಪನಿಗೆ ಮೊದಲು ಹೊಳೆದದ್ದು ಖರ್ಚಿನ ಪ್ರಶ್ನೆ.

“ಒಳ್ಳೇ ಕೆಲಸಕ್ಕೂ ಲೆಕ್ಕ ಕೇಳ್ತೀರಲ್ಲ ದೊಡ್ಡಪ್ಪ. ಹೊಗೆ ಕಡಿಮೆ ಆದ್ರೆ ಸಾಲದಾ?”

“ಒಳ್ಳೇ ಕೆಲಸ ಅಂತಾನೇ ಕೇಳ್ತಿರೋದು. ಕೆಟ್ಟ ಕೆಲಸ ದುಡ್ಡಿಲ್ಲದೆ ನಿಂತುಹೋದ್ರೆ ಯಾರಿಗೂ ನಷ್ಟ ಇಲ್ಲ. ಒಳ್ಳೇದು ನಿಲ್ಲಬಾರದು.”

ಒಸಾಕಾ ನಗರ 2007ರಲ್ಲೇ ಈ ಕೆಲಸಕ್ಕೆ ಕೈಹಾಕಿತ್ತು. ಆಗ ನಿಷೇಧ ಇದ್ದದ್ದು ಮಿಡೊಸುಜಿ ಮತ್ತು ಪಾಲಿಕೆ ಕಚೇರಿಯ ಸುತ್ತಮುತ್ತಲಿನಂಥ ಕೆಲವೇ ಜಾಗಗಳಲ್ಲಿ. ಮೀರಿದವರಿಗೆ 1,000 ಯೆನ್ ದಂಡ. ವಿಶ್ವ ಮೇಳ ಏಪ್ರಿಲ್‌ನಲ್ಲಿ ಆರಂಭವಾಗುವುದಿತ್ತು. ಅದಕ್ಕೂ ಮುಂಚೆ, 2025ರ ಜನವರಿ 27ರಿಂದ, ಇಡೀ ನಗರದ ರಸ್ತೆ, ಉದ್ಯಾನಗಳಿಗೆ ನಿಷೇಧ ವಿಸ್ತರಿಸಿತು. ಬಿಸಿ ಮಾಡಿ ಸೇದುವ ಹೊಸ ಬಗೆಯ ತಂಬಾಕಿಗೂ ವಿನಾಯಿತಿ ಇಲ್ಲ. ದಂಡದ ಮೊತ್ತ ಮಾತ್ರ ಹಾಗೇ ಉಳಿಯಿತು, 1,000 ಯೆನ್. ನಮ್ಮ ದುಡ್ಡಿನಲ್ಲಿ ಆರುನೂರು ರೂಪಾಯಿಯ ಆಸುಪಾಸು.

“ಇದಕ್ಕೆ ದಾರಿ ತೋರಿಸಿದ್ದು ಟೋಕಿಯೊದ ಚಿಯೊಡಾ ವಾರ್ಡು” ಎಂದಳು ಅವಳು. “ಅರಮನೆ, ಪಾರ್ಲಿಮೆಂಟು, ಅಕಿಹಬಾರಾ ಪೇಟೆ ಎಲ್ಲ ಇರೋದು ಅಲ್ಲೇ. ರಸ್ತೆಯಲ್ಲಿ ಸೇದಿದವರಿಗೆ ದಂಡ ಅಂತ ದೇಶದಲ್ಲೇ ಮೊದಲು ಹೇಳಿದ್ದು ಅವರು, 2002ರಲ್ಲಿ. ಅಕ್ಟೋಬರ್ 1ಕ್ಕೆ ಜಾರಿ, 2,000 ಯೆನ್ ದಂಡ. ಅದಕ್ಕೂ ಮುಂಚೆ ದಂಡವಿಲ್ಲದ, ದಯವಿಟ್ಟು ಸಹಕರಿಸಿ ಅನ್ನೋ ಥರದ ನಿಯಮ ಇತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.”

“ಹೊಗೆಯ ಕಾರಣಕ್ಕಾ, ಕಸದ ಕಾರಣಕ್ಕಾ?”

“ಎರಡೂ. ಜತೆಗೆ ಬೆಂಕಿ. 1994ರಲ್ಲಿ ಟೋಕಿಯೊ ಪಕ್ಕದ ಫುನಾಬಾಶಿ ರೈಲು ನಿಲ್ದಾಣದಲ್ಲಿ ನಡೆದುಕೊಂಡು ಹೋಗ್ತಾ ಸೇದ್ತಿದ್ದವರೊಬ್ಬರ ಸಿಗರೇಟಿನ ಕಿಡಿ ತಾಗಿ ಪುಟ್ಟ ಹುಡುಗಿಯ ಕಣ್ಣರೆಪ್ಪೆ ಸುಟ್ಟಿತ್ತು. ಕೈ ಇಳಿಬಿಟ್ಟುಕೊಂಡು ನಡೆದ್ರೆ ಸಿಗರೇಟಿನ ತುದಿ ಸರಿಯಾಗಿ ಮಗುವಿನ ಮುಖದ ಎತ್ತರಕ್ಕೇ ಬರುತ್ತೆ ದೊಡ್ಡಪ್ಪ. ಇಲ್ಲಿನ ಫುಟ್‌ಪಾತಲ್ಲಿ ಬೆಳಿಗ್ಗೆ ಎಷ್ಟು ಜನ ನಡೀತಾರೆ ಅಂತ ನೋಡಿದೀರಲ್ಲ.”

ಹೊರಗಿನಿಂದ ಬಂದವರಿಗೆ ವಿಚಿತ್ರವಾಗಿ ಕಾಣುವ ಸಂಗತಿಯೊಂದು ಇಲ್ಲಿದೆ. ಬೀದಿಯಲ್ಲಿ ಸೇದಬಾರದೆಂಬ ನಿಯಮ ಜಪಾನಿನ ಅನೇಕ ಊರುಗಳಲ್ಲಿ ಜಾರಿಯಾದ ಮೇಲೂ ಹೋಟೆಲ್ ಒಳಗೆ ಕೂತು ಸೇದಬಹುದಿತ್ತು. ಒಳಾಂಗಣದ ಧೂಮಪಾನಕ್ಕೆ ದೇಶವ್ಯಾಪಿ ಕಡಿವಾಣ ಬಿದ್ದದ್ದು 2018ರಲ್ಲಿ ತಿದ್ದುಪಡಿಯಾದ ಆರೋಗ್ಯ ಕಾಯ್ದೆ 2020ರ ಏಪ್ರಿಲ್‌ನಲ್ಲಿ ಪೂರ್ತಿ ಜಾರಿಯಾದಾಗ. ಒಳಗೆ ಸೇದಬಾರದು ಎಂಬುದು ಕೇಂದ್ರ ಸರ್ಕಾರದ ಕಾನೂನು. ಹೊರಗೆ ಸೇದಬಾರದು ಎಂಬುದು ಊರೂರಿನ ಪಾಲಿಕೆಗಳದ್ದು. ಒಳಗಿನ ನಿಯಮವನ್ನು ಹೋಟೆಲ್ ಮಾಲೀಕ, ಕಚೇರಿಯ ಮ್ಯಾನೇಜರ್ ಕಾಯುತ್ತಾರೆ. ಅವರ ಸಂಬಳ ಪಾಲಿಕೆಯದಲ್ಲ. ರಸ್ತೆಗೆ ಅಂಥ ಯಜಮಾನನಿಲ್ಲ. ಅಲ್ಲಿ ಕಾಯುವವರನ್ನು ಪಾಲಿಕೆಯೇ ನೇಮಿಸಬೇಕು. ಖರ್ಚಿನ ಕಥೆ ಶುರುವಾಗುವುದೇ ಇಲ್ಲಿಂದ.

ನಾಂಬಾ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ಅವರಿಗೆ ಆ ಕಾವಲು ಕಣ್ಣಾರೆ ಕಂಡಿತು. ಪಟ್ಟಿಯ ಜಾಕೆಟ್ ತೊಟ್ಟ ಇಬ್ಬರು ವಯಸ್ಸಾದವರು, ಗೋಡೆಗೊರಗಿ ಸಿಗರೇಟು ಹಚ್ಚಿದ್ದ ಯುವಕನ ಬಳಿ ಹೋಗಿ ತಲೆಬಾಗಿ ನಮಸ್ಕರಿಸಿದರು. ಒಬ್ಬರು ನಕ್ಷೆಯಿದ್ದ ಹಾಳೆ ತೋರಿಸಿದರು. ಯುವಕ ಏನೋ ವಾದಿಸಿದ. ಇವರು ದನಿ ಏರಿಸಲಿಲ್ಲ. ಇನ್ನೊಬ್ಬರು ಫಾರ್ಮಿನಲ್ಲಿ ಹೆಸರು, ವಿಳಾಸ ಬರೆದುಕೊಂಡರು, ಹಣ ಪಡೆದರು, ರಸೀದಿ ಹರಿದು ಕೊಟ್ಟರು, ಹತ್ತಿರದ ಧೂಮಪಾನ ಕೊಠಡಿ ಎಲ್ಲಿದೆಯೆಂದು ಬೆರಳು ಮಾಡಿ ತೋರಿಸಿ ಮತ್ತೆ ತಲೆಬಾಗಿದರು.

“ಹತ್ತು ನಿಮಿಷದ ಮೇಲಾಯ್ತು” ಎಂದರು ದೊಡ್ಡಪ್ಪ. “ಇಲ್ಲಿ ಗಂಟೆಗೆ ಕನಿಷ್ಠ ಕೂಲಿ ಎಷ್ಟು?”

“ಒಸಾಕಾದಲ್ಲಿ ಈಗ 1,114 ಯೆನ್.”

“ಅಂದ್ರೆ ಒಂದು ದಂಡದಿಂದ ಒಬ್ಬರ ಒಂದು ಗಂಟೆ ಕೂಲೀನೂ ಹುಟ್ಟಲ್ಲ. ಇಬ್ಬರು ಜೋಡಿಯಾಗಿ ತಿರುಗ್ತಾರೆ, 2,228. ಬರೀ ಕೂಲಿ ಗಿಟ್ಟಬೇಕಾದ್ರೆ ಗಂಟೆಗೆ ಮೂರು ಜನ ಸಿಕ್ಕಿಬೀಳಬೇಕು. ಮೇಲ್ವಿಚಾರಕರು, ತರಬೇತಿ, ರಸೀದಿ ಪುಸ್ತಕ, ದಂಡ ಕಟ್ಟದವರ ಹಿಂದೆ ನೋಟಿಸು, ಅದೆಲ್ಲ ಬೇರೆ. ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ.”

“ಇವರಲ್ಲಿ ಬಹಳಷ್ಟು ಜನ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಚಿಯೊಡಾದಲ್ಲೂ ಹಾಗೇ ಮಾಡಿದ್ರು. ಜಗಳಕ್ಕೆ ಬರೋವ್ರನ್ನ ನಿಭಾಯಿಸೋ ಅನುಭವ ಬೇಕಲ್ಲ.”

“ಹಾಗಾದ್ರೆ ಕನಿಷ್ಠ ಕೂಲಿಗೆ ಬರೋವ್ರಲ್ಲ ಅಂತಾಯ್ತು.”

ದೊಡ್ಡಪ್ಪನ ಲೆಕ್ಕದಲ್ಲಿ ಇನ್ನೊಂದು ಮಡಿಕೆಯೂ ಇದೆ. ನಿಯಮ ಚೆನ್ನಾಗಿ ನಡೆದಷ್ಟೂ ಸಿಕ್ಕಿಬೀಳುವವರು ಕಡಿಮೆಯಾಗುತ್ತಾರೆ, ಜಮಾ ಕಡೆಯ ಅಂಕಿ ಇಳಿಯುತ್ತದೆ. ಗಸ್ತು ತಿರುಗುವವರ ಸಂಬಳ ಇಳಿಯುವುದಿಲ್ಲ, ಏಕೆಂದರೆ ಅವರು ತಿರುಗುತ್ತಿದ್ದಾರೆ ಎನ್ನುವುದಕ್ಕೇ ಜನ ಸೇದುವುದನ್ನು ಬಿಟ್ಟಿರುವುದು. ದಂಡದ ಹಣದಲ್ಲೇ ನಿಷೇಧವನ್ನು ನಡೆಸುತ್ತೇವೆ ಎಂದು ಯಾವ ಊರಿನ ಸಭೆಯಲ್ಲಿ ಯಾರು ಹೇಳಿದರೂ ಅದು ನಿಲ್ಲುವ ಮಾತಲ್ಲ. ದಂಡವಿರುವುದು ಹೆದರಿಕೆಗೆ, ಸಂಬಳಕ್ಕೆ ಬೇರೆ ಗಂಟು ಬೇಕು.

ಬೋರ್ಡಿಗೂ ಖರ್ಚಿದೆ, ಅದೂ ಕೋರ್ಟು ಮೆಟ್ಟಿಲು ಹತ್ತಿದ ಖರ್ಚು. ಯೊಕೊಹಾಮಾ ರೈಲು ನಿಲ್ದಾಣದ ಬಳಿ ರಸ್ತೆಯಲ್ಲಿ ಸೇದಿದ್ದಕ್ಕೆ 2,000 ಯೆನ್ ದಂಡ ಕಟ್ಟಬೇಕಾದ ವ್ಯಕ್ತಿಯೊಬ್ಬರು, ಅದು ನಿಷೇಧಿತ ಪ್ರದೇಶವೆಂದು ತಿಳಿಯುವಂತಿರಲಿಲ್ಲ ಎಂದು ಪಾಲಿಕೆಯ ಮೇಲೆ ದಾವೆ ಹೂಡಿದರು. 2014ರ ಜನವರಿಯಲ್ಲಿ ಯೊಕೊಹಾಮಾ ಜಿಲ್ಲಾ ನ್ಯಾಯಾಲಯ ಅವರ ಪರ ತೀರ್ಪಿತ್ತಿತು: ತಿಳಿಯದೆ ಮಾಡಿದವರಿಗೆ ದಂಡ ಹಾಕಬೇಕಾದರೆ ಅವರ ಕಡೆಯಿಂದ ಅಜಾಗರೂಕತೆಯಾದರೂ ಇರಬೇಕು. ಅದೇ ವರ್ಷ ಜೂನ್‌ನಲ್ಲಿ ಟೋಕಿಯೊ ಹೈಕೋರ್ಟು ಆ ತೀರ್ಪನ್ನು ತಿರುಗಿಸಿತು. ರಸ್ತೆಯ ಮೇಲಿನ ಗುರುತನ್ನು ಗಮನವಿಟ್ಟು ನೋಡಿದ್ದರೆ ತಿಳಿಯುತ್ತಿತ್ತು ಎಂಬುದು ಅದರ ನಿಲುವು.

“ಎರಡು ಸಾವಿರ ಯೆನ್ನಿಗೆ ಎರಡು ಕೋರ್ಟು” ಎಂದಳು ಅವಳು.

“ಕೊನೆಗೆ ಪಾಲಿಕೆ ಗೆದ್ದಿರಬಹುದು. ಆದ್ರೆ ಆ ತೀರ್ಪು ಓದಿದ ಪ್ರತಿ ಊರಿನ ಅಧಿಕಾರಿ ಮಾರನೇ ದಿನ ಇನ್ನೊಂದಷ್ಟು ಗುರುತು ಹಾಕಿಸಿರ್ತಾನೆ. ನೆಲದ ಮೇಲೆ ಅಂಟಿಸಿದ್ದು ಎಷ್ಟು ದಿನ ಇರುತ್ತೆ? ಮಳೆ, ಬಿಸಿಲು, ಚಪ್ಪಲಿ. ಇಲ್ಲಿ ನೋಡು, ಈ ಮೂಲೆ ಆಗಲೇ ಎದ್ದಿದೆ. ಮೊದಲ ಸಲದ ಟೆಂಡರನ್ನ ಎಲ್ಲರೂ ಬಜೆಟ್‌ನಲ್ಲಿ ತೋರಿಸ್ತಾರೆ. ಮೂರು ವರ್ಷದ ಮೇಲೆ ಮತ್ತೆ ಬಳಿಯೋ ಬಣ್ಣದ ದುಡ್ಡನ್ನ ಯಾರೂ ತೋರಿಸಲ್ಲ.”

ಯುವಕನಿಗೆ ತೋರಿಸಿದ್ದ ಧೂಮಪಾನ ಕೊಠಡಿ ತಿರುವಿನಲ್ಲೇ ಇತ್ತು. ಕಂಟೇನರಿನಂಥ ಬಿಳಿ ಪೆಟ್ಟಿಗೆ, ಸರಿಸುವ ಬಾಗಿಲು, ಚಾವಣಿಯ ಮೇಲೆ ಹೊಗೆ ಎಳೆಯುವ ಕೊಳವೆ. ಒಳಗೆ ಗೋಡೆಯುದ್ದಕ್ಕೂ ನಿಂತವರು ಯಾರೂ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಇವರು ನೋಡುತ್ತಿದ್ದಂತೆ ಗುತ್ತಿಗೆಯ ಕೆಲಸಗಾರರೊಬ್ಬರು ಬಕೆಟ್ಟು, ಇಕ್ಕಳ ಹಿಡಿದು ಬಂದರು. ಬೂದಿ ಪೆಟ್ಟಿಗೆಯ ಬೀಗ ತೆಗೆದು, ನೀರಲ್ಲಿ ನೆನೆದು ಕಂದು ಬಣ್ಣಕ್ಕೆ ತಿರುಗಿದ್ದ ತುಂಡುಗಳನ್ನು ಸೋಸಿ ಚೀಲಕ್ಕೆ ತುಂಬಿದರು, ಪೆಟ್ಟಿಗೆ ತೊಳೆದು ಹೊಸ ನೀರು ಹಾಕಿದರು, ಮೂಲೆಯಲ್ಲಿ ಬಿದ್ದಿದ್ದ ಎರಡು ತುಂಡನ್ನು ಇಕ್ಕಳದಲ್ಲಿ ಹೆಕ್ಕಿದರು, ಬಾಗಿಲ ಹಿಂದಿನ ಹಾಳೆಯಲ್ಲಿ ವೇಳೆ ಬರೆದು ಸಹಿ ಹಾಕಿದರು.

ದೊಡ್ಡಪ್ಪ ಬೆರಳು ಮಡಿಚತೊಡಗಿದರು. “ಜಾಗದ ಬಾಡಿಗೆ. ಪೆಟ್ಟಿಗೆ. ಕರೆಂಟು. ಫ್ಯಾನು, ಫಿಲ್ಟರು ಬದಲಾಯಿಸೋದು. ದಿನಕ್ಕೆ ಎಷ್ಟೋ ಸಲ ಬರೋ ಈ ಯಪ್ಪನ ಕೂಲಿ. ಬೂದಿ ಸಾಗಿಸೋದು. ಇಂಥವು ಊರಲ್ಲಿ ಎಷ್ಟಿವೆ?”

“ಪಾಲಿಕೆ ಮೊದಲು ಅಂದುಕೊಂಡಿದ್ದು ನೂರಿಪ್ಪತ್ತು. ಸಾಲೋದಿಲ್ಲ, ನಮ್ಮ ಹಿಂದಿನ ಗಲ್ಲಿಗಳು ಬೂದಿ ಡಬ್ಬಿ ಆಗ್ತವೆ ಅಂತ ವ್ಯಾಪಾರಿಗಳು ಗಲಾಟೆ ಮಾಡಿದ್ರು. ಆಮೇಲೆ ಖಾಸಗಿ ಅಂಗಡಿಗಳು, ಪಚಿಂಕೊ ಆಟದ ಮನೆಗಳಲ್ಲಿ ಇರೋ ಕೊಠಡಿಗಳನ್ನೂ ಸಾರ್ವಜನಿಕರಿಗೆ ಬಿಡಿಸಿ, ಸಹಾಯಧನ ಕೊಟ್ಟು, ಸುಮಾರು ಮುನ್ನೂರಕ್ಕೆ ತಂದ್ರು.”

“ನಿಷೇಧ ಮಾಡೋ ಪಾಲಿಕೇನೇ ಸೇದೋಕೆ ಮನೆ ಕಟ್ಟಿಕೊಡಬೇಕಾಯ್ತು.”

“ಅದೇ ನನಗೆ ಸಿಟ್ಟು” ಎಂದಳು ಅವಳು, ನಿಂತುಕೊಂಡು. “ನಾನು ಸೇದಲ್ಲ. ನನ್ನ ತೆರಿಗೆ ದುಡ್ಡಲ್ಲಿ ಇವರಿಗೆ ಎ.ಸಿ. ಕೊಠಡಿ ಯಾಕೆ? ಕುಡಿಯೋ ನೀರಿನ ನಲ್ಲಿ ಕೇಳಿದ್ರೆ ಜಾಗ ಇಲ್ಲ ಅಂತಾರೆ. ಆ ದುಡ್ಡಲ್ಲಿ ಸೇದೋದನ್ನ ಬಿಡಿಸೋ ಕ್ಲಿನಿಕ್ ನಡೆಸಲಿ.”

ದೊಡ್ಡಪ್ಪ ಒಪ್ಪಲಿಲ್ಲ. ಮುಚ್ಚಿದ ಕೊಠಡಿ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಊರಂಚಿನ ವಿಶ್ವ ಮೇಳವೇ ಸಾಕ್ಷಿಯಾಗಿತ್ತು. ಯುಮೆಶಿಮಾ ದ್ವೀಪದ ಮೇಳದ ಆವರಣವನ್ನು ಏಪ್ರಿಲ್‌ನಲ್ಲಿ ಪೂರ್ತಿ ಧೂಮಪಾನಮುಕ್ತವೆಂದು ಸಾರಿ ತೆರೆದಿದ್ದರು. ಒಳಗೆ ಸಿಬ್ಬಂದಿ, ಪ್ರೇಕ್ಷಕರು ಶೌಚಾಲಯಗಳಲ್ಲಿ, ಕಟ್ಟಡಗಳ ಮರೆಯಲ್ಲಿ ಕದ್ದು ಸೇದತೊಡಗಿದರು. ಬೆಂಕಿಯ ಭಯ ಹೆಚ್ಚಾಗಿ, ಜೂನ್ ಕೊನೆಯ ಹೊತ್ತಿಗೆ ಆಡಳಿತವೇ ಒಳಗೆ ಸೇದುವ ಜಾಗ ತೆರೆಯಬೇಕಾಯಿತು. ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ಚಟಕ್ಕೆ ಬಿದ್ದವರು ಬೋರ್ಡು ನೋಡಿ ಮಾಯವಾಗುವುದಿಲ್ಲ. ಕೊಠಡಿ ಬೇಕು ಎನ್ನುವುದರಲ್ಲಿ ಈ ಲೇಖಕನ ಮತ ದೊಡ್ಡಪ್ಪನ ಕಡೆಗೇ ಇದೆ. ಅದಕ್ಕೆ ದುಡ್ಡು ಯಾರು ಹಾಕಬೇಕು ಎನ್ನುವಲ್ಲಿ ಮಾತ್ರ ಅವಳ ಪ್ರಶ್ನೆಯನ್ನು ಬಿಡುವಂತಿಲ್ಲ.

“ಹಾಗಾದ್ರೆ ತೆರಿಗೆ ಲೆಕ್ಕ ಹೇಳು” ಎಂದರು ದೊಡ್ಡಪ್ಪ.

ಜಪಾನಿನ ತಂಬಾಕು ತೆರಿಗೆ ನಮ್ಮ ಪುರಸಭೆ, ಪಾಲಿಕೆಗಳವರು ಕೂತು ಕೇಳಬೇಕಾದ ವಿಷಯ. 2021ರ ಅಕ್ಟೋಬರ್‌ನಿಂದ ಅಲ್ಲಿ 1,000 ಸಿಗರೇಟಿಗೆ ಒಟ್ಟು 15,244 ಯೆನ್ ತಂಬಾಕು ತೆರಿಗೆ. ಅದರಲ್ಲಿ ಕೇಂದ್ರಕ್ಕೆ ಸರಿಸುಮಾರು ಅರ್ಧ, ಪ್ರಾಂತ್ಯಕ್ಕೆ 1,070 ಯೆನ್, ಊರಿನ ಪಾಲಿಕೆಗೆ 6,552 ಯೆನ್. ಇಪ್ಪತ್ತು ಸಿಗರೇಟಿನ ಒಂದು ಪ್ಯಾಕಿಗೆ 580 ಯೆನ್ ಬೆಲೆಯಿದ್ದರೆ ಅದರಲ್ಲಿ 131 ಯೆನ್ ನೇರವಾಗಿ ಪಾಲಿಕೆಯ ಬೊಕ್ಕಸಕ್ಕೆ. ಅದೂ ಸೇದುವವನು ವಾಸವಿರುವ ಊರಿಗಲ್ಲ, ಅವನು ಕೊಂಡ ಅಂಗಡಿ ಇರುವ ಊರಿಗೆ. ಸಿಗರೇಟನ್ನು ನಿಮ್ಮ ಊರಿನಲ್ಲೇ ಕೊಂಡುಕೊಳ್ಳಿ ಎಂಬ ಫಲಕಗಳು ಜಪಾನಿನ ಸಣ್ಣ ಊರುಗಳಲ್ಲಿ ಇಂದಿಗೂ ಕಾಣಸಿಗುತ್ತವೆ.

“131 ಯೆನ್!” ದೊಡ್ಡಪ್ಪ ಮತ್ತೆ ಕೇಳಿ ಖಚಿತಪಡಿಸಿಕೊಂಡರು. “ಒಂದು ದಂಡ ಅಂದ್ರೆ ಎಂಟು ಪ್ಯಾಕಿನ ತೆರಿಗೆಗಿಂತ ಕಮ್ಮಿ. ಆ ಹುಡುಗ ದಂಡ ಕಟ್ಟಿದ್ದು ಇವತ್ತು. ತೆರಿಗೆ ದಿನಾ ಕಟ್ತಿದಾನೆ. ಚಿಯೊಡಾ ಧೈರ್ಯ ಮಾಡಿದ್ದು ಸುಮ್ಮನೆ ಅಲ್ಲ. ಅಲ್ಲಿ ವಾಸ ಮಾಡೋರು ಎಷ್ಟು?”

“ನಿಯಮ ಬಂದ ಕಾಲಕ್ಕೆ ನಲವತ್ತು ಸಾವಿರದ ಆಸುಪಾಸು. ಹಗಲು ಹೊತ್ತು ಕೆಲಸಕ್ಕೆ, ಓದೋಕೆ ಬಂದು ಹೋಗೋರು ಲಕ್ಷಾಂತರ.”

“ಸೇದೋ ಲಕ್ಷಾಂತರ ಜನ ಅಲ್ಲೇ ಕೊಂಡುಕೊಳ್ತಾರೆ. ವೋಟು ಅಲ್ಲಿಲ್ಲ, ತೆರಿಗೆ ಅಲ್ಲಿದೆ. ಗಸ್ತಿಗೆ ದುಡ್ಡೂ ಬಂತು, ಬಯ್ಯೋ ಮತದಾರರೂ ಕಮ್ಮಿ.”

ಅವಳು ಬಿಡಲಿಲ್ಲ. “ಆ ತೆರಿಗೆ ಸಾಮಾನ್ಯ ನಿಧಿಗೆ ಹೋಗುತ್ತೆ ದೊಡ್ಡಪ್ಪ. ಶಾಲೆಗೂ ಅದೇ, ಚರಂಡಿಗೂ ಅದೇ. ಸೇದೋರು ಕಟ್ಟಿದ್ದು ಸೇದೋರಿಗೇ ಅಂತ ಬರೆದಿಲ್ಲ. ಅದರಲ್ಲಿ ಸ್ವಲ್ಪ ಹೊರಾಂಗಣದ ಧೂಮಪಾನ ಜಾಗಗಳಿಗೆ ಬಳಸಿ ಅಂತ ಕೇಂದ್ರ ಸರ್ಕಾರ ಊರುಗಳಿಗೆ ಸೂಚನೆ ಕೊಡುತ್ತೆ, ಅಷ್ಟೇ. ಇನ್ನೊಂದು ಕೇಳಿ. ದೇಶದ ದೊಡ್ಡ ಸಿಗರೇಟು ಕಂಪನಿ ಜಪಾನ್ ಟೊಬ್ಯಾಕೊದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಷೇರು ಸರ್ಕಾರದ ಹತ್ರಾನೇ ಇರಬೇಕು ಅಂತ ಕಾನೂನಿದೆ. ಸರ್ಕಾರಕ್ಕೆ ಲಾಭಾಂಶ, ಪಾಲಿಕೆಗೆ ತೆರಿಗೆ. ಇಬ್ಬರಿಗೂ ಸಿಗರೇಟು ಮಾರಾಟ ಆಗ್ತಾನೇ ಇರಬೇಕು. ಇಂಥವರು ಮಾಡೋ ನಿಷೇಧ ಎಷ್ಟು ದೂರ ಹೋಗುತ್ತೆ?”

ಗಟ್ಟಿ ಪ್ರಶ್ನೆ. ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡದೆ ನಡೆದರು. ಜಪಾನಿನಲ್ಲಿ ಸಿಗರೇಟು ಮಾರಾಟ ಉತ್ತುಂಗದಲ್ಲಿದ್ದದ್ದು 1996ರಲ್ಲಿ, ಸುಮಾರು 34,800 ಕೋಟಿ ಸಿಗರೇಟು. 2021ರ ಹೊತ್ತಿಗೆ ಅದು ಹತ್ತು ಸಾವಿರ ಕೋಟಿಗಿಂತ ಕೆಳಗೆ ಬಂತು. ಬಿಸಿ ಮಾಡುವ ತಂಬಾಕು ಈ ಲೆಕ್ಕದಲ್ಲಿ ಸೇರಿಲ್ಲ ಎನ್ನುವುದನ್ನೂ ನೆನಪಿಡಬೇಕು. ಆದರೂ ತಂಬಾಕು ತೆರಿಗೆಯ ಒಟ್ಟು ಆದಾಯ ವರ್ಷಕ್ಕೆ ಎರಡು ಲಕ್ಷ ಕೋಟಿ ಯೆನ್ನಿನ ಆಸುಪಾಸಿನಲ್ಲೇ ನಿಂತಿದೆ, ದರ ಮತ್ತೆ ಮತ್ತೆ ಏರಿದ್ದರಿಂದ. ಸೇದುವವರು ಕಡಿಮೆಯಾದರೆ ಊರಿನ ಬೊಕ್ಕಸ ಬರಿದಾಗುತ್ತದೆ ಎಂಬ ಹೆದರಿಕೆಗೆ ಈ ಅಂಕಿಗಳೇ ಉತ್ತರ.

“ನೀನು ಹೇಳಿದ್ದು ಸರಿ” ಎಂದರು ಕೊನೆಗೆ. “ಮಾರಾಟದ ಮೇಲೆ ಕಣ್ಣಿಟ್ಟ ಪಾಲಿಕೆ ಮನಸ್ಸಿಟ್ಟು ನಿಷೇಧ ನಡೆಸಲ್ಲ. ಆದ್ರೆ ತೆರಿಗೆಯಲ್ಲಿ ಪಾಲೇ ಇಲ್ಲದ ಪಾಲಿಕೆ ನಡೆಸೋಕೇ ಆಗಲ್ಲ. ಎರಡನ್ನೂ ಒಟ್ಟಿಗೆ ಯೋಚಿಸಬೇಕು.”

ಜಪಾನಿನ ದಾರಿಯೊಂದೇ ದಾರಿಯಲ್ಲ. ಅಮೆರಿಕದ ನ್ಯೂಯಾರ್ಕ್ ನಗರ 2011ರ ಮೇ 23ರಿಂದ ತನ್ನ 1,700 ಉದ್ಯಾನಗಳಲ್ಲಿ, 14 ಮೈಲಿ ಕಡಲತೀರದಲ್ಲಿ ಧೂಮಪಾನ ನಿಷೇಧಿಸಿತು. ದಂಡ 50 ಡಾಲರ್. ಪೊಲೀಸರು ಇದರ ಹಿಂದೆ ಬೀಳುವುದಿಲ್ಲ, ಜನರೇ ಒಬ್ಬರಿಗೊಬ್ಬರು ಹೇಳಿ ಪಾಲಿಸುತ್ತಾರೆ ಎಂಬ ನಂಬಿಕೆಯ ಮೇಲೆ ನಿಯಮ ನಿಂತಿತ್ತು. ಖರ್ಚು ಉಳಿಯಿತು. ಆದರೆ ಪಕ್ಕದ ಬೆಂಚಿನವರಿಗೆ ಆರಿಸಿ ಎಂದು ಹೇಳುವ ಕೆಲಸ, ಅದರಿಂದ ಬರುವ ಮುಖಭಂಗ ಎರಡೂ ಮಗುವನ್ನು ಕರೆತಂದ ತಾಯಿಯ ಪಾಲಿಗೆ ಬಂದವು. ಪಾಲಿಕೆ ಹಾಕದ ಖರ್ಚನ್ನು ಯಾರೋ ಒಬ್ಬರು ಹಾಕಿಯೇ ಹಾಕುತ್ತಾರೆ.

ಕಸದ ಬಾಬ್ತಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹೆಚ್ಚು ಖಡಕ್ಕಾಗಿ ನಡೆದುಕೊಂಡಿತು. ಬೀದಿಯಲ್ಲಿ ಬಿದ್ದ ಕಸವನ್ನು ಎಣಿಸಿ ನೋಡಿದಾಗ ಹೆಚ್ಚುಕಡಿಮೆ ಕಾಲು ಭಾಗ ತಂಬಾಕಿನದೇ ಎಂದು ಕಂಡಿತು. ಗುಡಿಸುವ ಖರ್ಚಿಗೆಂದೇ 2009ರ ಅಕ್ಟೋಬರ್‌ನಿಂದ ಪ್ರತಿ ಪ್ಯಾಕಿನ ಮೇಲೆ 20 ಸೆಂಟ್ ಶುಲ್ಕ ಹಾಕಿತು, ಮುಂದಿನ ವರ್ಷಗಳಲ್ಲಿ ಹಲವು ಸಲ ಏರಿಸಿತು. ಯೂರೋಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಯಾರಕರ ಬಾಗಿಲನ್ನೇ ತಟ್ಟಿದೆ. ಸಿಗರೇಟಿನ ಫಿಲ್ಟರ್ ಹತ್ತಿಯಂತೆ ಕಂಡರೂ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. 2019ರ ಯೂರೋಪಿಯನ್ ಒಕ್ಕೂಟದ ನಿರ್ದೇಶನದ ಪ್ರಕಾರ ಆ ಫಿಲ್ಟರನ್ನು ಗುಡಿಸಿ ಎತ್ತುವ ಖರ್ಚು ತಯಾರಕರದು. ಜರ್ಮನಿಯಲ್ಲಿ ಕಂಪನಿಗಳು ಫಿಲ್ಟರ್ ತಂಬಾಕಿಗೆ ಕಿಲೋ ಲೆಕ್ಕದಲ್ಲಿ ಸುಮಾರು 9 ಯೂರೊ ಒಂದು ನಿಧಿಗೆ ಕಟ್ಟಬೇಕು. ಆ ನಿಧಿ ಊರುಗಳ ಪಾಲಿಕೆಗಳಿಗೆ ಹಂಚಿಕೆಯಾಗುತ್ತದೆ.

“ಇದು ಲೆಕ್ಕ ಅಂದ್ರೆ” ಎಂದರು ದೊಡ್ಡಪ್ಪ, ಜರ್ಮನಿಯ ವಿಷಯ ಕೇಳಿ. “ಮಾಡಿದೋನು, ಮಾರಿದೋನು, ಎಸೆದೋನು. ಈ ಮೂವರಲ್ಲಿ ನಾವು ಯಾವಾಗಲೂ ಹುಡುಕೋದು ಎಸೆದೋನನ್ನ. ಸಿಗೋದು ಕಷ್ಟ ಆಗಿರೋನೂ ಅವನೇ.”

ಮಾತು ತಾನಾಗಿ ನಮ್ಮ ನಾಡಿಗೆ ಬಂತು. ದೇಶದ 2003ರ ತಂಬಾಕು ನಿಯಂತ್ರಣ ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳ ಎಂಬ ವ್ಯಾಖ್ಯೆಯಿಂದ ಬಯಲು ಜಾಗವನ್ನು ಹೊರಗಿಟ್ಟಿದ್ದಾರೆ. 2008ರ ಅಕ್ಟೋಬರ್ 2ರಂದು ಜಾರಿಯಾದ ನಿಯಮಗಳು ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ, ಬಯಲು ರಂಗಮಂದಿರಗಳನ್ನು ನಿಷೇಧದ ಒಳಗೆ ತಂದವು. ದಂಡ 200 ರೂಪಾಯಿವರೆಗೆ. ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿತು; 2024ರಲ್ಲಿ ವಿಧಾನಮಂಡಲದಲ್ಲಿ ಅಂಗೀಕಾರವಾಗಿ, ರಾಷ್ಟ್ರಪತಿಯ ಅಂಕಿತ ಪಡೆದು 2025ರ ಮೇನಲ್ಲಿ ಅಧಿಸೂಚನೆಯಾಯಿತು. ದಂಡ 1,000 ರೂಪಾಯಿಗೆ ಏರಿತು, ಕೊಳ್ಳುವವರ ಕನಿಷ್ಠ ವಯಸ್ಸು 21 ಆಯಿತು, ಹುಕ್ಕಾ ಬಾರ್‌ಗಳಿಗೆ ಜೈಲುಶಿಕ್ಷೆಯ ಭಯ ಬಂತು.

“ನಮ್ಮ ದಂಡ ಈಗ ಇಲ್ಲಿಗಿಂತ ಜಾಸ್ತೀನೇ ಆಯ್ತು” ಎಂದಳು ಅವಳು. “ಸಾವಿರ ರೂಪಾಯಿ ಅಂದ್ರೆ ಇಲ್ಲಿನ ಸಾವಿರದ ಆರುನೂರು ಯೆನ್ ಮೇಲೆ.”

“ದಂಡ ಜಾಸ್ತಿ ಆಯ್ತು. ಹಾಕೋರು ಯಾರು? ಹೆಲ್ತ್ ಇನ್‌ಸ್ಪೆಕ್ಟರಿಗೆ ಕಸ ನೋಡ್ಕೊ, ಸೊಳ್ಳೆ ನೋಡ್ಕೊ, ಪ್ಲಾಸ್ಟಿಕ್ ದಾಳಿ ಮಾಡು, ಬೀದಿನಾಯಿ ದೂರಿಗೆ ಓಡು, ಅದರ ಮಧ್ಯೆ ಸಿಗರೇಟಿನ ರಸೀದಿ ಪುಸ್ತಕಾನೂ ಇಟ್ಕೊ ಅಂತೀವಿ. ಒಂದು ವಾರ ಅಭಿಯಾನ ನಡೆಯುತ್ತೆ, ಪೇಪರಲ್ಲಿ ಫೋಟೋ ಬರುತ್ತೆ, ಆಮೇಲೆ ಪುಸ್ತಕ ಬೀರು ಸೇರುತ್ತೆ. ಅವರ ತಪ್ಪಲ್ಲ. ಅದಕ್ಕೆ ಅಂತ ಒಂದು ಹುದ್ದೆ, ಒಂದು ಲೆಕ್ಕಶೀರ್ಷಿಕೆ ಯಾರೂ ಕೊಟ್ಟಿಲ್ಲ.”

“ತೆರಿಗೆಯಲ್ಲಿ ಪಾಲು?”

“ಸಿಗರೇಟಿನ ಜಿ.ಎಸ್.ಟಿ., ಅಬಕಾರಿ ಸುಂಕ ಎಲ್ಲ ಕೇಂದ್ರಕ್ಕೂ ರಾಜ್ಯಕ್ಕೂ. ಪಾಲಿಕೆಗೆ ನೇರವಾಗಿ ಒಂದು ಪೈಸೆ ಇಲ್ಲ. ಊರೊಳಗೆ ಬರೋ ಸರಕಿನ ಮೇಲೆ ನಮ್ಮದೇ ಅಂತ ಇದ್ದ ಆಕ್ಟ್ರಾಯ್ ಸುಂಕ 1979ರಲ್ಲೇ ಹೋಯ್ತು. ಅದರ ಬದಲು ಬರೋದು ಅನುದಾನ. ಸಿಗರೇಟು ಮಾರಿದ ಲಾಭ ಕಂಪನಿಗೆ, ತೆರಿಗೆ ದೆಹಲಿಗೂ ಬೆಂಗಳೂರಿಗೂ, ತುಂಡು ಮಾತ್ರ ನಮ್ಮ ಚರಂಡಿಗೆ.”

ಆ ತುಂಡನ್ನು ಎತ್ತುವವರ ಬಗ್ಗೆ ದೊಡ್ಡಪ್ಪನಿಗೆ ಹೇಳಲಿಕ್ಕೆ ತುಂಬಾ ಇತ್ತು. ಬೆಳಗಿನ ಜಾವ ಟೀ ಅಂಗಡಿ, ಬೀಡಾ ಅಂಗಡಿಗಳ ಮುಂದೆ ಪೌರಕಾರ್ಮಿಕರ ಪೊರಕೆಗೆ ಇಂಟರ್‌ಲಾಕ್ ಟೈಲ್ಸಿನ ಸಂದಿಯಲ್ಲಿ ಸಿಕ್ಕಿಕೊಂಡ ಸಿಗರೇಟು ತುಂಡು ಬರುವುದಿಲ್ಲ. ಪೊರಕೆಯ ತುದಿಯಿಂದ ಎರಡು ಸಲ ಕೆದಕುತ್ತಾರೆ, ಬರದಿದ್ದರೆ ಬಗ್ಗಿ ಬರಿಗೈಯಲ್ಲಿ ಕೀಳುತ್ತಾರೆ. ಒಸಾಕಾದ ಕೆಲಸಗಾರನ ಕೈಯಲ್ಲಿದ್ದ ಉದ್ದನೆಯ ಇಕ್ಕಳ ನೋಡಿ ದೊಡ್ಡಪ್ಪ ಅಷ್ಟು ಹೊತ್ತು ನಿಂತದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಹೊರಾಂಗಣ ಧೂಮಪಾನದ ಖರ್ಚು ಯಾವ ಕಡತದಲ್ಲೂ ಇಲ್ಲದಿರಬಹುದು, ಆ ಬೆನ್ನಿನ ಮೇಲೆ, ಆ ಬೆರಳುಗಳ ಮೇಲೆ ಇದೆ.

“ಅಂದ್ರೆ ನಮ್ಮ ಊರುಗಳು ಇಂಥ ನಿಷೇಧಕ್ಕೆ ಕೈಹಾಕಬಾರದು ಅಂತೀರಾ?”

“ಹಾಗೆ ಎಲ್ಲಿ ಹೇಳಿದೆ? ಮಾಡಬೇಕು. ಮಕ್ಕಳು ಓಡಾಡೋ ಪಾರ್ಕು, ಬಸ್‌ಸ್ಟ್ಯಾಂಡು, ಶಾಲೆ ಮುಂದಿನ ರಸ್ತೆಯಿಂದ ಶುರು ಮಾಡಲಿ. ಊರಿಗೆ ಊರೇ ಬೇಡ, ಕಾಯೋಕಾಗುವಷ್ಟು ಜಾಗ ಸಾಕು. ಒಸಾಕಾನೂ ಒಂದು ರಸ್ತೆಯಿಂದ ಊರಿಗೆ ಹರಡೋಕೆ ಹದಿನೆಂಟು ವರ್ಷ ತಗೊಂಡಿದೆ. ಆದ್ರೆ ಠರಾವಿನ ಜತೆ ಖರ್ಚಿನ ಪಟ್ಟಿ ಇರಬೇಕು. ಕಾಯೋರು ಎಷ್ಟು ಜನ, ಬೋರ್ಡು ಎಷ್ಟು, ಮತ್ತೆ ಬಳಿಯೋದು ಯಾವಾಗ, ಗುಡಿಸೋರಿಗೆ ಗ್ಲೌಸು, ಇಕ್ಕಳ ಯಾವ ಬಾಬ್ತಿನಿಂದ. ಇದಿಲ್ಲದೆ ಪಾಸಾದ ನಿಷೇಧ ಬರೀ ಬೋರ್ಡು.”

“ದುಡ್ಡು?”

“ತೆರಿಗೆಯಲ್ಲಿ ಪಾಲು ಕೇಳಬೇಕು, ರಾಜ್ಯ ಹಣಕಾಸು ಆಯೋಗದ ಮುಂದೆ. ಇನ್ನೊಂದು, ಫಿಲ್ಟರು. ಪ್ಲಾಸ್ಟಿಕ್ ಪ್ಯಾಕೆಟ್ ಮಾಡೋರು ಅದನ್ನ ವಾಪಸ್ ಸಂಗ್ರಹಿಸೋ ಹೊಣೆ ಹೊರಬೇಕು ಅಂತ 2022ರಲ್ಲಿ ಕೇಂದ್ರ ಮಾರ್ಗಸೂಚಿ ತಂತಲ್ಲ, ಅದು ಪ್ಯಾಕೇಜಿಂಗಿಗೆ. ಫಿಲ್ಟರೂ ಪ್ಲಾಸ್ಟಿಕ್ಕೇ. ಅದನ್ನ ಯಾಕೆ ಬಿಡಬೇಕು?”

ಅವಳು ಒಂದೇ ಒಂದು ತಿದ್ದುಪಡಿ ಸೂಚಿಸಿದಳು. ಪಾಲು ಬಂದರೆ ಅದನ್ನು ಸಾಮಾನ್ಯ ನಿಧಿಗೆ ಸೇರಿಸಬಾರದು, ಪ್ರತ್ಯೇಕ ಖಾತೆಯಲ್ಲಿಟ್ಟು, ಅದರಲ್ಲಿ ಒಂದು ಭಾಗ ಚಟ ಬಿಡಿಸುವ ಕೇಂದ್ರಗಳಿಗೆ ಹೋಗಬೇಕು. ಇಲ್ಲದಿದ್ದರೆ ನಮ್ಮ ಪಾಲಿಕೆಗಳೂ ಮುಂದೊಂದು ದಿನ ಸಿಗರೇಟನ್ನು ನಮ್ಮೂರಲ್ಲೇ ಕೊಳ್ಳಿ ಎಂದು ಫಲಕ ಹಾಕುವ ಸ್ಥಿತಿಗೆ ಬರುತ್ತವೆ. ದೊಡ್ಡಪ್ಪ ಇದನ್ನು ಮರುಮಾತಿಲ್ಲದೆ ಒಪ್ಪಿದರು.

ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ಪ್ರತಿವರ್ಷ ಬಜೆಟ್ ಮಂಡನೆಗೆ ಮುನ್ನ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಆ ಸಭೆಗೆ ಬರುವವರು ಬೆರಳೆಣಿಕೆಯಷ್ಟು ಜನ. ಈ ಸಲ ನಿಮ್ಮ ಊರಿನಲ್ಲಿ ಸಭೆ ಕರೆದಾಗ ದಯವಿಟ್ಟು ಹೋಗಿ. ಧೂಮಪಾನ ನಿಷೇಧದ ಜಾರಿಗೆ ಎಷ್ಟು ಹಣ ಇಟ್ಟಿದ್ದೀರಿ, ಕಳೆದ ವರ್ಷ ದಂಡದಿಂದ ಎಷ್ಟು ಬಂತು, ಅದು ಯಾವ ಖಾತೆಗೆ ಹೋಯಿತು ಎಂದು ಕೇಳಿ. ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.